ತಾಮ್ರಕ್ಕೂ ಅಲ್ಯೂಮಿನಿಯಮಿಗೂ ನಂಟು

ಶಿವನಸಮುದ್ರದ ವಿದ್ಯುಚ್ಛಕ್ತಿಯಿಂದ ಬೆಂಗಳೂರಿನ ಬೀದಿಗಳು 1905ರಲ್ಲಿ ಬೆಳಗಿದುವು. ಅಂದಿನಿಂದ ಆ ಶಕ್ತಿಯು ಮೆಲ್ಲಮೆಲ್ಲನೆ ನಮ್ಮ ಪಡಸಾಲೆಗೂ ಅಡುಗೆಮನೆಗೂ ಬಚ್ಚಲಿಗೂ ಬಂದು ಸೇರಿತು. ದೀಪವನ್ನೂ ಪಂಖವನ್ನೂ ನಾವು ದಿನವೂ ನೋಡುತ್ತೇವೆ. ಗೋಡೆಯೊಳಗೆ ಎರಡು ತಂತಿಗಳು ಕೂಡುವ ಸಂದನ್ನು ನೋಡುವವರು ವಿರಳ. ಆದರೆ ಮನೆಗೆ ಬೆಂಕಿ ತಗಲುವ ಅಪಾಯವು ಅನೇಕ ವೇಳೆ ಅಡಗಿರುವುದು ಆ ಸಂದಿನಲ್ಲಿಯೇ.

ತಾಮ್ರವು ದುರ್ಲಭವೂ ತುಟ್ಟಿಯೂ ಆಗಿದ್ದ ದಶಕಗಳಲ್ಲಿ ನಮ್ಮ ದೇಶದ ಅನೇಕ ಮನೆಗಳಿಗೆ ಅಲ್ಯೂಮಿನಿಯಂ ತಂತಿಯನ್ನೇ ಎಳೆದರು. ಈಗ ಹೊಸ ಮನೆಗಳಿಗೆ ತಾಮ್ರವೇ ವಾಡಿಕೆ. ಹಳೆಯ ಮನೆಗೆ ಹೊಸ ಕೋಣೆಯನ್ನು ಸೇರಿಸುವಾಗ ಎರಡು ಲೋಹಗಳನ್ನೂ ಒಟ್ಟಿಗೆ ಹೊಸೆದು, ಮೇಲೆ ಟೇಪು ಸುತ್ತಿ ಕೈತೊಳೆದುಕೊಳ್ಳುವುದುಂಟು. ಇದು ಸರ್ವಥಾ ಸಲ್ಲದು.

ಕಾರಣಗಳು ಮೂರು. ಗಾಳಿ ಸೋಕಿದ ಅಲ್ಯೂಮಿನಿಯಮಿನ ಮೇಲೆ ಕ್ಷಣಮಾತ್ರದಲ್ಲಿ ತೆಳುವಾದ ಆಕ್ಸೈಡಿನ ಪೊರೆ ಕಟ್ಟುತ್ತದೆ. ಅದು ವಿದ್ಯುತ್ತನ್ನು ತಡೆಯುತ್ತದೆ. ಎರಡನೆಯದಾಗಿ, ಕಾದಾಗ ಅಲ್ಯೂಮಿನಿಯಂ ತಾಮ್ರಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಹೆಚ್ಚಾಗಿ ಹಿಗ್ಗುತ್ತದೆ. ಹಿಗ್ಗಿ ಕುಗ್ಗಿ ಸಂದು ಸಡಿಲವಾಗುತ್ತದೆ. ಮೂರನೆಯದಾಗಿ, ತೇವ ಸೇರಿದರೆ ಎರಡು ಲೋಹಗಳೂ ಕೂಡಿ ಒಂದು ಸಣ್ಣ ಬ್ಯಾಟರಿಯಂತಾಗಿ, ಅಲ್ಯೂಮಿನಿಯಂ ಸವೆಯತೊಡಗುತ್ತದೆ.

ಇಂತಹ ಸಂದಿನ ತಡೆಯು ಅರ್ಧ ಓಮ್ ಆಯಿತೆಂದು ಇಟ್ಟುಕೊಳ್ಳೋಣ. ಅದರಲ್ಲಿ 10 ಆಂಪಿಯರ್ ಹರಿದರೆ 50 ವಾಟಿನಷ್ಟು ಶಾಖವು ಬೆರಳ ತುದಿಯಷ್ಟು ಜಾಗದಲ್ಲಿ ಹುಟ್ಟುತ್ತದೆ. 230 ವೋಲ್ಟಿನಲ್ಲಿ ಕಡಮೆಯಾಗುವುದು ಐದೇ ವೋಲ್ಟು. ದೀಪ ಮಂಕಾದುದು ಕಣ್ಣಿಗೆ ತೋರದು. ಫ್ಯೂಸಾಗಲಿ ಎಂ.ಸಿ.ಬಿ.ಯಾಗಲಿ ಮಿತಿಮೀರಿದ ಪ್ರವಾಹಕ್ಕೆ ಮಾತ್ರ ಕಾವಲು. ಇಲ್ಲಿ ಪ್ರವಾಹವು ಮಿತಿ ಮೀರಿಯೇ ಇಲ್ಲ. ಫ್ಯೂಸಿದೆಯೆಂದು ನೆಮ್ಮದಿಯಿಂದಿರುವ ಗೃಹಸ್ಥರು ಇದನ್ನು ಚೆನ್ನಾಗಿ ಮನಗಾಣಬೇಕು. ಅಮೆರಿಕದಲ್ಲಿ ಸುಮಾರು 1965ರಿಂದ 1973ರವರೆಗೆ ಕಟ್ಟಿದ ಬಹು ಮನೆಗಳಿಗೆ ಅಲ್ಯೂಮಿನಿಯಂ ತಂತಿಯನ್ನು ಹಾಕಿದ್ದರು. ಅಲ್ಲಿಯೂ ಮುಖ್ಯವಾಗಿ ಕೆಟ್ಟುದು ತಂತಿಯ ಮೈಯಲ್ಲ, ಸಂದುಗಳೇ.

ಹಾಗಾದರೆ ಉಪಾಯವೇನು? ತಾಮ್ರದ ಪಾತ್ರೆಯಲ್ಲಿ ಹುಳಿ ಕುದಿಸುವ ಮೊದಲು ನಮ್ಮ ಹಿರಿಯರು ಕಲಾಯಿ ಹಾಕಿಸುತ್ತಿದ್ದರಷ್ಟೆ. ಇಲ್ಲಿಯೂ ಅದೇ ನೀತಿ. ತವರದ ಲೇಪವುಳ್ಳ, ತಾಮ್ರ ಅಲ್ಯೂಮಿನಿಯಂ ಎರಡಕ್ಕೂ ತಕ್ಕುದೆಂದು ತಯಾರಕರು ನಮೂದಿಸಿದ ಕನೆಕ್ಟರನ್ನು ಬಳಸತಕ್ಕದ್ದು. ಅದರಲ್ಲಿ ಒಂದೊಂದು ತಂತಿಗೂ ಬೇರೆ ಕಂಡಿ, ಬೇರೆ ತಿರುಪು ಇರಬೇಕು. ಲೋಹಗಳು ಒಂದನ್ನೊಂದು ಮುಟ್ಟಕೂಡದು. ಅಲ್ಯೂಮಿನಿಯಂ ತುದಿಯನ್ನು ಗಾಯವಾಗದಂತೆ ಉಜ್ಜಿ, ಕೂಡಲೇ ಆಕ್ಸೈಡನ್ನು ತಡೆಯುವ ಲೇಪವನ್ನು ಹಚ್ಚಬೇಕು. ಸಂದು ಮುಚ್ಚಳವುಳ್ಳ ಪೆಟ್ಟಿಗೆಯೊಳಗೆ, ಕೈಗೆ ಎಟಕುವಲ್ಲಿ ಇರಬೇಕು. ಗಾರೆಯ ಅಡಿಯಲ್ಲಿ ಹೂಳಕೂಡದು. ಒಂದೇ ದಪ್ಪದ ತಂತಿಗಳಲ್ಲಿ ಅಲ್ಯೂಮಿನಿಯಂ ತಾಮ್ರದಷ್ಟು ಪ್ರವಾಹವನ್ನು ಹೊರಲಾರದು. ಆದಕಾರಣ ಫ್ಯೂಸು ದುರ್ಬಲವಾದ ತಂತಿಗೆ ತಕ್ಕುದಾಗಿರಬೇಕು. ಗೀಸರಿನಂಥ ಭಾರಿ ಉಪಕರಣಕ್ಕೆ ಮುಖ್ಯ ಫಲಕದಿಂದಲೇ ಪ್ರತ್ಯೇಕ ತಾಮ್ರದ ತಂತಿಯನ್ನು ಎಳೆಸುವುದು ಲೇಸು.

ಈ ಕೆಲಸವನ್ನು ಪರವಾನಗಿಯುಳ್ಳ ವೈರ್‌ಮನ್ನನೇ, ಮೆಯಿನ್ ಸ್ವಿಚ್ಚನ್ನು ಆರಿಸಿ, ಟೆಸ್ಟರಿನಿಂದ ಪರೀಕ್ಷಿಸಿ ಮಾಡಬೇಕು. ಆದರೆ ಕಾವಲು ಮನೆಯವರ ಕರ್ತವ್ಯ. ಸ್ವಿಚ್ಚಿನ ಫಲಕ ಬೆಚ್ಚಗಾದರೆ, ಅಂಚು ಕಂದಿದರೆ, ದೀಪ ಮಿಣುಕಿದರೆ, ಸುಟ್ಟ ವಾಸನೆ ಬಂದರೆ ಉಪೇಕ್ಷಿಸದೆ ಮೆಯಿನ್ ಆರಿಸಿ ವೈರ್‌ಮನ್ನನನ್ನು ಕರೆಸಿರಿ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವೇನು? ಹಳೆಯ ಮನೆಯಲ್ಲಿರುವ ವಾಚಕರು ತಮ್ಮ ಗೋಡೆಯೊಳಗೆ ಯಾವ ತಂತಿ ಇದೆಯೆಂಬುದನ್ನು ಈ ತಿಂಗಳಲ್ಲಿಯೇ ವಿಚಾರಿಸಿ ತಿಳಿಯಬೇಕೆಂದು ನಮ್ಮ ಬಿನ್ನಹ.