ಒತ್ತಡವೆಂಬ ಪದವೂ ಯಕೃದ್ರೋಗಿಯ ಔಷಧವೂ

ಒಂದೇ ಪದವು ಎರಡು ಅರ್ಥಗಳಲ್ಲಿ ಪ್ರಯುಕ್ತವಾದಾಗ ಕಾವ್ಯದಲ್ಲಿ ಶ್ಲೇಷವಾಗಿ ಶೋಭಿಸುತ್ತದೆ; ವೈದ್ಯದಲ್ಲಿಯಾದರೋ ಪ್ರಾಣಕ್ಕೆ ಸಂಚಕಾರವಾಗಬಹುದು. ‘ರಕ್ತದ ಒತ್ತಡ’ವೆಂಬುದು ಅಂತಹ ಪದ.

ಹೃದಯದಿಂದ ಹೊರಟ ರಕ್ತವು ಧಮನಿಗಳ ಗೋಡೆಯ ಮೇಲೆ ಬೀರುವ ಬಲವೇ ಇದರ ರೂಢಾರ್ಥ. ಇಟಲಿಯ ರಿವಾ-ರೋಚ್ಚಿಯು 1896ರಲ್ಲಿ ಪ್ರಕಟಿಸಿದ ತೋಳುಪಟ್ಟಿಯ ಉಪಕರಣವು ಅಳೆಯುವುದು ಇದನ್ನೇ. ಉದರದಲ್ಲಿ ಬೇರೊಂದು ಒತ್ತಡವುಂಟು. ಕರುಳು, ಪ್ಲೀಹ ಮುಂತಾದವುಗಳ ರಕ್ತವನ್ನು ಯಕೃತ್ತಿಗೆ ಒಯ್ಯುವ ಸಿರೆಗೆ ಪೋರ್ಟಲ್ ಸಿರೆಯೆಂದು ಹೆಸರು. ಮದ್ಯಪಾನ, ಹೆಪಟೈಟಿಸ್ ವೈರಸ್ಸು, ಕೊಬ್ಬಿನ ಶೇಖರಣೆ ಮೊದಲಾದ ಕಾರಣಗಳಿಂದ ಯಕೃತ್ತು ಗಡುಸಾದರೆ, ದಾರಿ ಸಾಲದೆ ಈ ಸಿರೆಯಲ್ಲಿ ಒತ್ತಡವೇರುತ್ತದೆ. ಅನ್ನನಾಳದ ಸಿರೆಗಳು ಉಬ್ಬಿ, ಒಡೆದು, ರಕ್ತವಾಂತಿಯಾಗಬಹುದು. ತೋಳಿನ ಪಟ್ಟಿಗೆ ಇದು ಗೋಚರವಾಗದು.

ಪ್ರೊಪ್ರನಲಾಲ್ ಎಂಬ ಔಷಧವು ಎರಡೂ ಒತ್ತಡಗಳನ್ನು ತಗ್ಗಿಸಬಲ್ಲುದು. ಅದು ಅನ್ನನಾಳದ ರಕ್ತಸ್ರಾವವು ಮರುಕಳಿಸದಂತೆ ತಡೆಯುವುದೆಂದು ಫ್ರಾನ್ಸಿನ ಲೆಬ್ರೆಕ್ ಮತ್ತು ಸಂಗಡಿಗರು 1980ರ ಸುಮಾರಿಗೆ ತೋರಿಸಿದರು. ಕಾರ್ವಡಿಲಾಲನ್ನೂ ಇಂದು ಇದಕ್ಕಾಗಿ ಕೊಡುವರು. ಹಿರೇಗುಂಟನೂರಾಗಲಿ ಬೆಂಗಳೂರಾಗಲಿ, ಜನರ ಬಾಯಲ್ಲಿ ಇವೆಲ್ಲವೂ ‘ಬಿ.ಪಿ. ಗುಳಿಗೆ’ಗಳೇ. ‘ನನಗೆ ಬಿ.ಪಿ. ಇಲ್ಲವಲ್ಲ’ ಎಂದು ರೋಗಿಯು ತಾನಾಗಿಯೇ ಗುಳಿಗೆಯನ್ನು ಬಿಟ್ಟರೆ, ತಡೆದಿದ್ದ ರಕ್ತಸ್ರಾವಕ್ಕೆ ಮತ್ತೆ ಅವಕಾಶವಾಗುತ್ತದೆ.

ಇದಕ್ಕೆ ವಿಪರೀತವಾದ ಅಪಾಯವೂ ಉಂಟು. ಪ್ರಾಚೀನ ವೈದ್ಯರು ಎಂಟು ಉದರರೋಗಗಳಲ್ಲಿ ಎಣಿಸಿದ ಜಲೋದರವು ಯಕೃತ್ತಿನ ಗಡುಸುತನದಿಂದ ತಲೆದೋರಿದಾಗ, ಧಮನಿಯ ಒತ್ತಡವು ತಾನಾಗಿ ಇಳಿಯುತ್ತ ಬರುವುದು ಸಾಮಾನ್ಯ. ಆಗ ಎನಲಾಪ್ರಿಲ್, ಲೋಸಾರ್ಟನ್, ಟೆಲ್ಮಿಸಾರ್ಟನ್ ಮುಂತಾದ ಹಳೆಯ ಗುಳಿಗೆಗಳನ್ನೇ ಮುಂದುವರಿಸಿದರೆ ಮೂತ್ರಪಿಂಡಗಳು ಕೆಡಬಹುದಾದುದರಿಂದ ಅವು ವರ್ಜ್ಯ. ಮೇಲಿನ ಅಂಕವು 90ಕ್ಕಿಂತ ಕೆಳಗಿಳಿದರೆ ಪ್ರೊಪ್ರನಲಾಲನ್ನು ಸಹ ವೈದ್ಯರು ತಗ್ಗಿಸುವರು, ಇಲ್ಲವೆ ನಿಲ್ಲಿಸುವರು. ಆಮ್ಲೋಡಿಪಿನ್ನು ಯಕೃತ್ತಿನಲ್ಲಿಯೇ ವಿಘಟಿತವಾಗುವುದರಿಂದ ಅಂಥವರ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಆದುದರಿಂದ 2.5 ಮಿಲಿಗ್ರಾಮಿನಷ್ಟು ಅಲ್ಪಮಾತ್ರೆಯಿಂದ ಆರಂಭಿಸುವುದು ಕ್ರಮ. ಮೀಥೈಲ್‌ಡೋಪವು ಯಕೃತ್ತಿಗೇ ಹಾನಿಮಾಡಬಲ್ಲುದರಿಂದ ಯಕೃದ್ರೋಗವು ಉಲ್ಬಣವಾಗಿರುವಾಗ ನಿಷಿದ್ಧ.

ರೋಗಿಯ ಬಲಾಬಲವನ್ನರಿತು ಮಾತ್ರೆಯನ್ನು ನಿಶ್ಚಯಿಸಬೇಕೆಂಬ ಆಯುರ್ವೇದದ ನಿಯಮಕ್ಕೆ ಇದೆಲ್ಲವೂ ಅನುಗುಣವಾಗಿಯೇ ಇದೆ. ಆದರೆ ಆ ನಿಶ್ಚಯವು ರೋಗಿಗೆ ತಲುಪುವುದು ಮಾತಿನ ಮೂಲಕ. ಔಷಧದ ಚೀಟಿಯಲ್ಲಿ ಗುಳಿಗೆಯ ಹೆಸರಿನೊಡನೆ ‘ತೋಳಿನ ಒತ್ತಡಕ್ಕೆ’ ಅಥವಾ ‘ಯಕೃತ್ತಿನ ಸಿರೆಯ ಒತ್ತಡಕ್ಕೆ’ ಎಂದು ಕನ್ನಡದಲ್ಲಿ ಬರೆದರೆ ಶ್ಲೇಷವು ಅಲ್ಲಿಗೆ ಬಿಡುತ್ತದೆ. ರೋಗಿಯೂ ಹೊಸ ವೈದ್ಯರಲ್ಲಿಗೆ ಹೋದಾಗ ಯಕೃತ್ತಿನ ಕಾಯಿಲೆಯನ್ನು ಮರೆಮಾಡದೆ ಹೇಳತಕ್ಕದ್ದು. ಅವರನ್ನು ಕೇಳದೆ ಗುಳಿಗೆಯನ್ನು ಬಿಡಲೂ ಕೂಡದು, ಮುಂದುವರಿಸಲೂ ಕೂಡದು.