ನಿಮಗಿದು ಗೊತ್ತೇ? ತಲೆಗೊಂದು ಗುರುದ್ವಾರ, ದೇಹಕ್ಕೊಂದು!

ದೆಹಲಿಯ ಚಾಂದನಿ ಚೌಕಕ್ಕೆ ಹೋದವರು ಜಿಲೇಬಿ, ಪರೋಟ ತಿನ್ನದೆ ಬರುವುದಿಲ್ಲ. ಆದರೆ ಸಿಖ್ಖರ ಒಂಬತ್ತನೇ ಗುರು ತೇಗ್ ಬಹಾದುರ್ ಅವರ ಶಿರಚ್ಛೇದವಾದದ್ದು ಅದೇ ಬೀದಿಯಲ್ಲಿ ಎಂಬುದು ನಿಮಗೆ ಗೊತ್ತೇ? ಇಸವಿ 1675. ಅಪ್ಪಣೆ ಔರಂಗಜೇಬನದು. ಆ ಜಾಗದಲ್ಲೇ ಈಗ ಸೀಸ್‌ಗಂಜ್ ಗುರುದ್ವಾರ ನಿಂತಿದೆ!

ಗುರುಗಳಿಗಿಂತ ಮೊದಲು ಮೂವರು ಶಿಷ್ಯರು ಪ್ರಾಣ ಕೊಟ್ಟರು. ಭಾಯಿ ಮತಿದಾಸರನ್ನು ಗರಗಸದಿಂದ ಸೀಳಿದರಂತೆ. ಗುರುದ್ವಾರದ ಎದುರಿನ ಕಾರಂಜಿ ವೃತ್ತಕ್ಕೆ ಇಂದು ಅವರದೇ ಹೆಸರು!

ಗುರುಗಳ ತಲೆ ಏನಾಯಿತು? ಭಾಯಿ ಜೈತಾ ಅದನ್ನು ಗುಟ್ಟಾಗಿ ಎತ್ತಿಕೊಂಡು ಪಂಜಾಬಿನ ಆನಂದಪುರ ಮುಟ್ಟಿಸಿದರು. ಅದರ ಅಂತ್ಯಸಂಸ್ಕಾರವಾದ ಕಡೆ ಇನ್ನೊಂದು ಗುರುದ್ವಾರ. ಅದರ ಹೆಸರೂ ಸೀಸ್‌ಗಂಜ್!

ದೇಹ? ಲಖೀ ಶಾ ಬಂಜಾರ ಎಂಬ ವ್ಯಾಪಾರಿ ಅದನ್ನು ಗಾಡಿಯಲ್ಲಿ ಹಾಕಿಕೊಂಡು ಮನೆಗೆ ತಂದರಂತೆ. ಬಯಲಲ್ಲಿ ಚಿತೆ ಹೊತ್ತಿಸಿದರೆ ಸಿಕ್ಕಿಬೀಳುವುದು ಖಚಿತ. ಹಾಗಾಗಿ ಮನೆಗೇ ಬೆಂಕಿ ಇಟ್ಟರು. ಮನೆಯೇ ಚಿತೆಯಾಯಿತು!

ಈ ಬಂಜಾರರು ಯಾರೆಂದುಕೊಂಡಿರಿ? ನಮ್ಮ ತಾಂಡಾಗಳ ಲಂಬಾಣಿಗರ ಬಳಗವೇ!

ಆ ಮನೆ ಇದ್ದ ಜಾಗ ಇಂದಿನ ರಕಾಬ್‌ಗಂಜ್ ಗುರುದ್ವಾರ. ಹುಡುಕುವುದು ಸುಲಭ. ಸಂಸತ್ ಭವನದ ಹತ್ತಿರವೇ ಇದೆ!

ದೆಹಲಿಯ ಈ ಜಾಗಗಳನ್ನು ಗುರುತಿಸಿ ಗುರುದ್ವಾರ ಕಟ್ಟಿಸಿದ್ದು ಒಬ್ಬ ಸಿಖ್ ದಂಡನಾಯಕ. 1783ರಲ್ಲಿ ಬಘೇಲ್ ಸಿಂಗ್ ದೆಹಲಿಗೆ ನುಗ್ಗಿದರು. ಬಾದಶಹ ಎರಡನೇ ಶಾ ಆಲಂ ರಾಜಿಗೆ ಬಂದ. ನಗರದ ಸುಂಕದಲ್ಲಿ ರೂಪಾಯಿಗೆ ಆರಾಣೆ ಇವರ ಪಾಲಾಯಿತು. ಆ ಹಣದಲ್ಲಿ ಎದ್ದದ್ದು ಏಳು ಗುರುದ್ವಾರ!

ಅವರ 30,000 ಸೈನಿಕರು ಬೀಡುಬಿಟ್ಟ ಜಾಗವೇ ತೀಸ್ ಹಜಾರಿ ಆಯಿತಂತೆ. ಈಗ ಅಲ್ಲಿ ಕೋರ್ಟು, ಕರಿಕೋಟು!

ರಾಜಿ ಮಾಡಿಸಿದ್ದು ಯಾರು ಗೊತ್ತೇ? ಕ್ರೈಸ್ತ ಮತಕ್ಕೆ ಸೇರಿದ್ದ ಬೇಗಂ ಸಮ್ರು!

ಹುತಾತ್ಮರ ಗುರುತು ಹುಡುಕುವ ಹಂಬಲ ಬಹಳ ಹಳೆಯದು. 386ರಲ್ಲಿ ಇಟಲಿಯ ಮಿಲಾನಿನಲ್ಲಿ ಬಿಷಪ್ ಆಂಬ್ರೋಸ್ ನೆಲ ಅಗೆಸಿ ಗೆರ್ವೇಸಿಯಸ್, ಪ್ರೊಟೇಸಿಯಸ್ ಎಂಬ ಹುತಾತ್ಮರ ಎಲುಬುಗಳನ್ನು ತೆಗೆಸಿದರು. ಮೆರವಣಿಗೆಯಲ್ಲಿ ತಂದು ಚರ್ಚಿನ ಬಲಿಪೀಠದಡಿ ಇರಿಸಿದರು. ಮುಂದೆ ಅಲ್ಲೇ ಆಂಬ್ರೋಸರ ದೇಹವನ್ನೂ ಇಟ್ಟರು. ಮೂವರನ್ನೂ ಇಂದಿಗೂ ನೋಡಬಹುದು!

ಸೀಸ್‌ಗಂಜ್‌ನಲ್ಲೂ ಕಣ್ಣಾರೆ ಕಾಣುವ ಗುರುತುಗಳಿವೆ. ಗುರುಗಳು ಸೆರೆಯಲ್ಲಿದ್ದಾಗ ಸ್ನಾನ ಮಾಡಿದ ಬಾವಿ, ಯಾವ ಮರದಡಿ ಪ್ರಾಣ ಬಿಟ್ಟರೋ ಆ ಮರದ ಕಾಂಡ, ಎರಡನ್ನೂ ಜೋಪಾನ ಮಾಡಿದ್ದಾರೆ. ಆದರೂ ಸಿಖ್ಖರು ತಲೆಬಾಗುವುದು ಗುರು ಗ್ರಂಥ ಸಾಹಿಬ್‌ಗೆ ಮಾತ್ರ!

ಹೊಸ ದೆಹಲಿ ಕಟ್ಟುವಾಗ ಬ್ರಿಟಿಷರು ರಕಾಬ್‌ಗಂಜ್‌ನ ಗೋಡೆ ಒಡೆದರು. ರಸ್ತೆ ನೆಟ್ಟಗೆ ಹೋಗಬೇಕಿತ್ತಲ್ಲ! ಸಿಖ್ಖರು ಸಿಡಿದೆದ್ದರು. ಕೊನೆಗೆ ಸರ್ಕಾರವೇ ಗೋಡೆ ಕಟ್ಟಿಕೊಟ್ಟಿತು!

ಮುಂದಿನ ಸಲ ದೆಹಲಿಗೆ ಹೋದಾಗ ಎರಡೂ ಕಡೆ ಹೋಗಿಬನ್ನಿ. ತಲೆಗೆ ಬಟ್ಟೆ ಕಟ್ಟಿಕೊಳ್ಳಿ, ಚಪ್ಪಲಿ ಹೊರಗೆ ಬಿಡಿ. ಲಂಗರಿನ ಊಟ ಎಲ್ಲರಿಗೂ ಉಚಿತ!