ಮನೆಯೊಳಗೆ ಕಾಲೆತ್ತುವ ಪುಟ್ಟ ನಾಯಿ

ಒಂದು ಭಾನುವಾರ ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲಿಳಿಯುತ್ತಿದ್ದಾಗ ಪಕ್ಕದ ವಾಳೆಯ ಅಜ್ಜಿಯೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. “ಅಡಿಕೆಯ ಕೊಳೆರೋಗಕ್ಕೆ ಬರೆಯುತ್ತೀರಿ, ದನದ ಕೆಚ್ಚಲು ಬಾವಿಗೆ ಬರೆಯುತ್ತೀರಿ. ನಮ್ಮ ಮನೆಯ ನಾಯಿಗೂ ಒಂದು ಮದ್ದು ಬರೆಯಿರಿ” ಎಂದರು.

ಸಂಗತಿ ಹೀಗಿತ್ತು. ಕೊಲ್ಲಿಯಲ್ಲಿ ಕೆಲಸದಲ್ಲಿರುವ ಅವರ ಮಗ ಹಿಂದಿನ ರಜೆಯಲ್ಲಿ ಬಂದಾಗ ಮಕ್ಕಳ ಹಟಕ್ಕೆ ಒಂದು ಬಿಳಿ ಪೊಮರೇನಿಯನ್ ಮರಿ ತಂದುಕೊಟ್ಟು ಹೋಗಿದ್ದರು. ಮರಿ ಬೆಳೆದು ಒಂದೂವರೆ ವರ್ಷದ ಗಂಡುನಾಯಿಯಾಯಿತು. ಈಗ ಅದು ಸೋಫಾದ ಕಾಲಿಗೆ, ಬಾಗಿಲ ಪರದೆಗೆ, ಚಾವಡಿಯಲ್ಲಿಟ್ಟ ಅಡಿಕೆ ಗೋಣಿಗೆ, ಹೀಗೆ ಎಲ್ಲೆಂದರಲ್ಲಿ ಕಾಲೆತ್ತುತ್ತದೆ. ಈ ಸಲ ಮಗ ಬಂದಿಳಿದ ದಿನವೇ ಅವರ ಸೂಟ್‌ಕೇಸಿಗೂ ಆ ಮರ್ಯಾದೆ ಆಯಿತು. “ನಾಳೆ ಪೇಟೆಯ ಹತ್ತಿರ ಬಿಟ್ಟು ಬರುತ್ತೇನೆ” ಎಂದು ಮಗ ಹೇಳಿದ್ದಾರೆ. ಮೊಮ್ಮಕ್ಕಳು ರಾತ್ರಿ ಊಟ ಮಾಡಿಲ್ಲ.

ಇಂಥ ದೂರು ಈಗ ಹಲವು ಮನೆಗಳಲ್ಲಿ ಕೇಳಿಬರುತ್ತಿದೆ. ಹಿಂದೆ ನಮ್ಮ ನಾಯಿಗಳು ಅಂಗಳದಲ್ಲಿ, ಹಟ್ಟಿಯ ಬದಿಯಲ್ಲಿ ಇರುತ್ತಿದ್ದವು. ತೆಂಗಿನ ಬುಡಕ್ಕೆ ಕಾಲೆತ್ತಿದರೆ ಯಾರೂ ಕೇಳುತ್ತಿರಲಿಲ್ಲ. ಈಗ ಪೊಮರೇನಿಯನ್, ಪಗ್, ಡ್ಯಾಷ್‌ಹಂಡ್‌ನಂಥ ಪುಟ್ಟ ಜಾತಿಗಳು ಮನೆಯೊಳಗೇ ಬಂದಿವೆ. ಆದ್ದರಿಂದ ಈ ತಿಂಗಳು ಅಜ್ಜಿಯ ಪ್ರಶ್ನೆಗೇ ಪುಟವನ್ನು ಬಿಟ್ಟುಕೊಡುತ್ತೇವೆ.

ಹಟವಲ್ಲ, ಗಡಿಕಲ್ಲು

ನಾವು ಜಾಗದ ಮೂಲೆಗೆ ಗಡಿಕಲ್ಲು ಹಾಕುತ್ತೇವಲ್ಲವೇ? ನಾಯಿ ಮೂತ್ರದ ವಾಸನೆಯಿಂದ ಅದೇ ಕೆಲಸ ಮಾಡುತ್ತದೆ. ತಾನು ಯಾರು, ಗಂಡೋ ಹೆಣ್ಣೋ, ಇಲ್ಲಿ ಯಾವಾಗ ಬಂದೆ ಎಂಬುದನ್ನೆಲ್ಲ ಇನ್ನೊಂದು ನಾಯಿ ಆ ವಾಸನೆಯಿಂದಲೇ ತಿಳಿದುಕೊಳ್ಳುತ್ತದೆ. ಯಜಮಾನನ ಮೇಲೆ ಸೇಡು ತೀರಿಸಿಕೊಳ್ಳಲು ನಾಯಿ ಹೀಗೆ ಮಾಡುತ್ತದೆ ಎಂಬುದು ನಮ್ಮ ಕಲ್ಪನೆ ಮಾತ್ರ.

ಮೂತ್ರ ಮಾಡುವುದಕ್ಕೂ ಗುರುತು ಹಾಕುವುದಕ್ಕೂ ವ್ಯತ್ಯಾಸವಿದೆ. ನೆಲದ ಮೇಲೆ ದೊಡ್ಡ ಕೆರೆಯಾಗಿದ್ದರೆ ನಾಯಿಗೆ ತಡೆಯಲಾಗಲಿಲ್ಲ ಎಂದರ್ಥ. ಗೋಡೆ, ಮೇಜಿನ ಕಾಲು, ಚೀಲ ಇಂಥ ನೆಟ್ಟಗೆ ನಿಂತ ವಸ್ತುಗಳ ಮೇಲೆ ಸ್ವಲ್ಪ ಸ್ವಲ್ಪವಾಗಿ, ಹಲವು ಕಡೆ ಬಿದ್ದಿದ್ದರೆ ಅದು ಗುರುತು. ಗಂಡುನಾಯಿಗೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಪ್ರಾಯ ಬಂದಾಗ ಈ ಅಭ್ಯಾಸ ತೊಡಗುತ್ತದೆ. ಹೆಣ್ಣುನಾಯಿಯೂ, ಅದರಲ್ಲೂ ಬೆದೆಯ ಸಮಯದಲ್ಲಿ, ಗುರುತು ಹಾಕುವುದುಂಟು.

ಪುಟ್ಟ ನಾಯಿಗಳಲ್ಲಿ ಇದು ಹೆಚ್ಚೇಕೆ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬೆಟ್ಟಿ ಮ್ಯಾಕ್‌ಗೈರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಚಿಕ್ಕ ಗಂಡುನಾಯಿಗಳು ದೊಡ್ಡವುಗಳಿಗಿಂತ ಹೆಚ್ಚು ಓರೆಯಾಗಿ ಕಾಲೆತ್ತಿ, ತಮ್ಮ ಗಾತ್ರಕ್ಕೆ ಮೀರಿದ ಎತ್ತರದಲ್ಲಿ ಗುರುತು ಹಾಕುವುದು ಕಂಡುಬಂತು. ಕುಳ್ಳನಾದರೂ ಎತ್ತರದವನೆಂದು ಸಾರಿಕೊಳ್ಳುವ ಆಸೆ ನಾಯಿಗೂ ಇದೆಯೋ ಏನೋ! ಇನ್ನೊಂದು ಕಾರಣ ನಮ್ಮದೇ. ದೊಡ್ಡ ನಾಯಿ ಒಮ್ಮೆ ಒಳಗೆ ಗಲೀಜು ಮಾಡಿದರೆ ಮನೆಯೇ ಎದ್ದು ನಿಲ್ಲುತ್ತದೆ. ಪುಟ್ಟದು ಮಾಡಿದ್ದು ನಾಲ್ಕು ಹನಿ ತಾನೇ ಎಂದು ತಿಂಗಳುಗಟ್ಟಲೆ ಬಿಟ್ಟುಬಿಡುತ್ತೇವೆ. ಅಷ್ಟರಲ್ಲಿ ಅಭ್ಯಾಸ ಬೇರು ಬಿಟ್ಟಿರುತ್ತದೆ.

ಹೊಸತು ಬಂದಾಗ ಗುರುತು ಹೆಚ್ಚುತ್ತದೆ. ಹೊಸ ಸೊಸೆ, ಹೊಸ ಮಗು, ನೆಂಟರ ಚೀಲ, ಗೇಟಿನ ಹೊರಗೆ ಸುಳಿಯುವ ಬೀದಿನಾಯಿ ಎಲ್ಲವೂ ಅದಕ್ಕೆ ಕಳವಳ. ದೂರದೂರಿನ ವಾಸನೆ ಹೊತ್ತು ಬಂದ ಆ ಸೂಟ್‌ಕೇಸ್ ನಮ್ಮ ಬಿಳಿ ನಾಯಿಗೆ ಅಪರಿಚಿತನೊಬ್ಬ ಒಳಗೆ ನುಗ್ಗಿದಂತೆಯೇ ಕಂಡಿರಬೇಕು.

ಮೊದಲು ಮೃಗಾಸ್ಪತ್ರೆಗೆ

ಚೆನ್ನಾಗಿ ಕಲಿತಿದ್ದ ನಾಯಿ ಇದ್ದಕ್ಕಿದ್ದಂತೆ ಒಳಗೆ ಮೂತ್ರ ಮಾಡತೊಡಗಿದರೆ ಅದನ್ನು ರೋಗವೆಂದೇ ಮೊದಲು ಸಂಶಯಿಸಬೇಕು. ಮೂತ್ರಕೋಶದ ಸೋಂಕು, ಕಲ್ಲು, ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ, ಗಂಡುನಾಯಿಯಲ್ಲಿ ಪ್ರೊಸ್ಟೇಟ್ ಗ್ರಂಥಿಯ ಊತ, ಇವೆಲ್ಲ ಇದಕ್ಕೆ ಕಾರಣವಾಗಬಲ್ಲವು. ಮುಕ್ಕರಿಸುವುದು, ಮೂತ್ರದಲ್ಲಿ ರಕ್ತ, ಮೊದಲಿಗಿಂತ ಹೆಚ್ಚು ನೀರು ಕುಡಿಯುವುದು, ಮಲಗಿದಲ್ಲೇ ಒದ್ದೆಯಾಗುವುದು ಕಂಡರೆ ತಡಮಾಡದಿರಿ. ಮುಕ್ಕರಿಸಿದರೂ ಒಂದು ಹನಿಯೂ ಬಾರದಿದ್ದರೆ ಅದೇ ಹೊತ್ತಿಗೆ ವೈದ್ಯರಲ್ಲಿಗೆ ಒಯ್ಯಬೇಕು. ಮರುದಿನಕ್ಕೆ ಕಾದರೆ ಜೀವಕ್ಕೆ ಅಪಾಯ. ಗಲೀಜು ಕಡಿಮೆಯಾಗಲೆಂದು ಕುಡಿಯುವ ನೀರನ್ನು ಕಡಿಮೆ ಮಾಡುವವರಿದ್ದಾರೆ. ಅದು ತಪ್ಪು.

ಇಲಿಜ್ವರದ ಎಚ್ಚರಿಕೆ

ರೈತ ಕುಟುಂಬಗಳು ಇದನ್ನು ಬರೀ ವಾಸನೆಯ ವಿಷಯವೆಂದು ತಳ್ಳಿಹಾಕಬಾರದು. ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಮೂತ್ರದ ಮೂಲಕ ಹರಡುವ ರೋಗ. ಮುಖ್ಯವಾಗಿ ಹರಡುವುದು ಇಲಿ ಹೆಗ್ಗಣಗಳೇ ಆದರೂ, ತೋಟದಲ್ಲಿ, ಉಗ್ರಾಣದಲ್ಲಿ ಇಲಿಯ ಹಿಂದೆ ಓಡುವ ನಾಯಿಗೂ ಅದು ತಗಲುತ್ತದೆ. ನೋಡಲು ಆರೋಗ್ಯವಾಗಿರುವ ನಾಯಿಯ ಮೂತ್ರದಲ್ಲೂ ರೋಗಾಣು ಇರಬಹುದು. ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಅದು ವಾರಗಟ್ಟಲೆ ಬದುಕುತ್ತದೆ. ಕಾಲಿನ ಒಡಕು, ಗಾಯ, ಕಣ್ಣು ಬಾಯಿಯ ಮೂಲಕ ನಮ್ಮೊಳಗೆ ಸೇರುತ್ತದೆ. ಕಾಸರಗೋಡಿನ ಮಳೆಗಾಲ, ಬರಿಗಾಲಿನ ತೋಟದ ಕೆಲಸ, ಒಡೆದ ಹಿಮ್ಮಡಿ ಇವು ಮೂರೂ ಸೇರಿದರೆ ಹೇಳುವುದೇ ಬೇಡ.

ಆದ್ದರಿಂದ ನಾಯಿಯ ಮೂತ್ರವನ್ನು ಬರಿಗೈಯಿಂದ ಒರೆಸಬಾರದು. ಕೈಗವಸು ಹಾಕಿ ಒರೆಸಿ, ಬಳಿಕ ಸಾಬೂನಿನಿಂದ ಕೈ ತೊಳೆಯಿರಿ. ನಾಯಿಗೆ ಲೆಪ್ಟೊ ಲಸಿಕೆ ಇದೆ. ಮೊದಲು ಕೆಲವು ವಾರಗಳ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ. ಹುಚ್ಚುನಾಯಿ ರೋಗದ ಚುಚ್ಚುಮದ್ದಿಗೆ ಹೋದಾಗ ಇದನ್ನೂ ಕೇಳಿ ಹಾಕಿಸಿರಿ. ಮನೆಯವರಲ್ಲಿ ಯಾರಿಗಾದರೂ ಜ್ವರ, ಮೀನಖಂಡದ ನೋವು, ಕೆಂಪಾದ ಕಣ್ಣು ಕಾಣಿಸಿದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಿರಿ. ತೋಟದ ಕೆಲಸ ಮಾಡುತ್ತೇವೆ, ಮನೆಯಲ್ಲಿ ನಾಯಿ ಇದೆ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿರಿ.

ವಾಸನೆ ಉಳಿದರೆ ಅಭ್ಯಾಸವೂ ಉಳಿಯುತ್ತದೆ

ನಮ್ಮ ಮೂಗಿಗೆ ಹೋಯಿತೆನಿಸಿದ ವಾಸನೆ ನಾಯಿಯ ಮೂಗಿಗೆ ಹೋಗಿರುವುದಿಲ್ಲ. ಹಳೆಯ ಗುರುತು ಇದ್ದಲ್ಲಿ ಅದು ಮತ್ತೆ ಮತ್ತೆ ಹೊಸ ಗುರುತು ಹಾಕುತ್ತದೆ. ಫಿನಾಯಿಲ್ ವಾಸನೆಯನ್ನು ಮುಚ್ಚುತ್ತದೆ, ತೆಗೆಯುವುದಿಲ್ಲ. ಅಮೋನಿಯ ಬೆರೆತ ದ್ರಾವಣಗಳಂತೂ ಮೂತ್ರದಂತೆಯೇ ನಾರುವುದರಿಂದ ನಾಯಿಯನ್ನು ಇನ್ನಷ್ಟು ಕರೆಯುತ್ತವೆ.

ಮೊದಲು ಹಳೆಯ ಬಟ್ಟೆಯಿಂದ ಒತ್ತಿ ಹೀರಿಸಿ, ನೀರಿನಿಂದ ತೊಳೆಯಿರಿ. ಆಮೇಲೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ, ಕಿಣ್ವಗಳಿರುವ ದ್ರಾವಣವನ್ನು ಹಾಕಿ, ಅದರ ಮೇಲೆ ಬರೆದಷ್ಟು ಹೊತ್ತು ಬಿಡಿರಿ. ಮೂತ್ರದ ವಾಸನೆಯ ಅಂಶವನ್ನೇ ಅದು ಒಡೆಯುತ್ತದೆ. ಅದು ಸಿಗದಿದ್ದರೆ ಅಡಿಗೆಯ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಒರೆಸಬಹುದು. ಮಾರ್ಬಲ್ ನೆಲಕ್ಕೆ ಮಾತ್ರ ಬೇಡ, ಹೊಳಪು ಹೋಗುತ್ತದೆ. ಬ್ಲೀಚಿಂಗ್ ಪೌಡರನ್ನು ವಿನೆಗರ್‌ ಜೊತೆ ಎಂದೂ ಸೇರಿಸಬೇಡಿರಿ, ತೊಳೆಯದ ಮೂತ್ರದ ಮೇಲೂ ಸುರಿಯಬೇಡಿರಿ. ಹೊರಡುವ ಅನಿಲ ಎದೆಗೆ ಕೆಡುಕು.

ಕೆಲವು ವಾರಗಳ ಶಿಸ್ತು

1. ಮನೆಯೊಳಗೆ ನಾಯಿಯನ್ನು ಕಣ್ಣು ತಪ್ಪಿಸಿ ತಿರುಗಲು ಬಿಡಬೇಡಿರಿ. ಒಂದೇ ಕೋಣೆಯಲ್ಲಿ ಇರಿಸಿರಿ, ಇಲ್ಲವೇ ಉದ್ದದ ಹಗ್ಗ ಕಟ್ಟಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿರಿ. ನೋಡುವವರಿಲ್ಲದಾಗ ಮಾಡಿದ ಪ್ರತಿ ಗುರುತೂ ಅಭ್ಯಾಸವನ್ನು ಗಟ್ಟಿ ಮಾಡುತ್ತದೆ.

2. ಬೆಳಗ್ಗೆ ಎದ್ದ ಕೂಡಲೇ, ಊಟವಾದ ಮೇಲೆ, ಆಟವಾದ ಮೇಲೆ, ರಾತ್ರಿ ಮಲಗುವ ಮುನ್ನ, ಹಗಲಲ್ಲಿ ಎರಡು ಮೂರು ಗಂಟೆಗೊಮ್ಮೆ ಹೊರಗೆ ಕರೆದೊಯ್ಯಿರಿ. ಜಾಗ ಒಂದೇ ಇರಲಿ; ಅಡಿಕೆ ಒಣಗಿಸುವ ಅಂಗಳದಿಂದಲೂ ಬಾವಿಯಿಂದಲೂ ದೂರವಿರಲಿ.

3. ಅಲ್ಲಿ ಮೂತ್ರ ಮಾಡಿದ ಕೂಡಲೇ, ಆ ಕ್ಷಣದಲ್ಲೇ, ಹೊಗಳಿ ಬೇಯಿಸಿದ ಮೊಟ್ಟೆಯ ಚೂರನ್ನೋ ಬಿಸ್ಕತ್ತಿನ ತುಂಡನ್ನೋ ಕೊಡಿರಿ. ಒಳಗೆ ಬಂದ ಮೇಲೆ ಕೊಟ್ಟರೆ ಯಾವುದಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯುವುದಿಲ್ಲ.

4. ಒಳಗೆ ಕಾಲೆತ್ತುವುದು ಕಂಡರೆ ಒಮ್ಮೆ ಚಪ್ಪಾಳೆ ತಟ್ಟಿ ತಡೆದು ಹೊರಗೊಯ್ಯಿರಿ. ಅಷ್ಟು ಸಾಕು.

5. ಪದೇ ಪದೇ ಗುರುತು ಬೀಳುವ ಜಾಗವನ್ನು ತೊಳೆದು, ಅಲ್ಲೇ ಅದರ ಊಟದ ಬಟ್ಟಲನ್ನೋ ಹಾಸನ್ನೋ ಇಡಿರಿ. ಉಣ್ಣುವ, ಮಲಗುವ ಜಾಗದಲ್ಲಿ ನಾಯಿ ಸಾಮಾನ್ಯವಾಗಿ ಗಲೀಜು ಮಾಡದು.

6. ನೆಂಟರ ಚೀಲ, ಹೊಸ ಸಾಮಾನು ನೆಲದ ಮೇಲೆ ಬೇಡ. ಬೀದಿನಾಯಿಗಳು ಕಾಣುವ ತಗ್ಗು ಕಿಟಕಿಗೆ ಪರದೆ ಹಾಕಿರಿ.

7. ಪುಟ್ಟ ನಾಯಿಗಳಿಗೆ ಮಳೆಯಲ್ಲಿ ಹೊರಡಲು ಮನಸ್ಸಿರದು. ಮಾಡಿನ ಇಳಿಜಾರಿನ ಕೆಳಗೆ ಒಂದು ಪೆಟ್ಟಿಗೆಯಲ್ಲಿ ಮರಳು ತುಂಬಿ, ಅದರ ಮೂತ್ರ ಒರೆಸಿದ ಬಟ್ಟೆಯ ತುಂಡನ್ನು ಮೊದಲ ದಿನ ಅದರ ಮೇಲಿಡಿರಿ. ಮಳೆಗಾಲಕ್ಕೆ ಅದೇ ಜಾಗವಾಗುತ್ತದೆ. ಮರಳನ್ನು ಆಗಾಗ ಬದಲಿಸಬೇಕು.

ಗಂಡುನಾಯಿಯ ಸೊಂಟಕ್ಕೆ ಸುತ್ತುವ ಬಟ್ಟೆಯ ಪಟ್ಟಿಯೂ ಈಗ ಸಿಗುತ್ತದೆ. ನೆಂಟರ ಮನೆಗೆ ಒಯ್ಯುವಾಗ ಉಪಯೋಗಕ್ಕೆ ಬರುತ್ತದೆ. ಆದರೆ ಅದು ಕಲಿಸುವುದಿಲ್ಲ, ಒದ್ದೆಯನ್ನು ಹೀರುತ್ತದೆ ಅಷ್ಟೇ. ದಿನವಿಡೀ ಕಟ್ಟಿಟ್ಟರೆ ಚರ್ಮ ಕೆಂಪಾಗುತ್ತದೆ.

ಬೀಜ ತೆಗೆಸುವುದು

ಮರಿ ಹಾಕಿಸುವ ಉದ್ದೇಶವಿಲ್ಲದಿದ್ದರೆ ಗಂಡುನಾಯಿಯ ಬೀಜ ತೆಗೆಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಪಶುವೈದ್ಯರಲ್ಲಿ ವಿಚಾರಿಸಿರಿ. 1997ರಲ್ಲಿ ಅಮೆರಿಕದಲ್ಲಿ 57 ಗಂಡುನಾಯಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಗುರುತು ಹಾಕುತ್ತಿದ್ದ ನಾಯಿಗಳ ಪೈಕಿ ನೂರಕ್ಕೆ ಅರವತ್ತರಷ್ಟರಲ್ಲಾದರೂ ಆ ಅಭ್ಯಾಸ ಅರ್ಧಕ್ಕಿಂತ ಹೆಚ್ಚು ತಗ್ಗಿತು. ಪೂರ್ತಿ ನಿಂತಂತಾದದ್ದು ಕೆಲವಕ್ಕೆ ಮಾತ್ರ. ಆದುದರಿಂದ ಶಸ್ತ್ರಚಿಕಿತ್ಸೆಯಾಯಿತು, ಇನ್ನು ಶಿಸ್ತು ಬೇಡ ಎಂದು ಕೂರುವಂತಿಲ್ಲ. ಯಾವ ಪ್ರಾಯದಲ್ಲಿ ಮಾಡಿಸಬೇಕೆಂಬುದನ್ನು ನಾಯಿಯನ್ನು ನೋಡಿ ವೈದ್ಯರೇ ಹೇಳಲಿ.

ಹೊಡೆಯುವವರಿಗೆ, ಬಿಟ್ಟುಬರುವವರಿಗೆ

“ತಪ್ಪು ಮಾಡಿದ್ದು ಅದಕ್ಕೇ ಗೊತ್ತು, ಮುಖ ನೋಡಿ” ಎನ್ನುವವರು ಬಹಳ. ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ನಾಯಿಯ ಆ ಅಪರಾಧಿ ಮುಖಕ್ಕೂ ಅದು ಮಾಡಿದ ತಪ್ಪಿಗೂ ಸಂಬಂಧ ಕಾಣಲಿಲ್ಲ. ಯಜಮಾನ ಗದರಿಸಿದಾಗ, ತಪ್ಪು ಮಾಡದ ನಾಯಿಯೂ ಹಾಗೆಯೇ ಮುಖ ಮಾಡಿತು. ಮೂಗನ್ನು ಮೂತ್ರಕ್ಕೆ ಒತ್ತಿ ಹೊಡೆದರೆ ನಾಯಿ ಕಲಿಯುವುದು ಒಂದೇ ಪಾಠ: ಈ ಮನುಷ್ಯನ ಕಣ್ಣಿಗೆ ಬೀಳಬಾರದು. ಆಮೇಲೆ ಅದು ಸೋಫಾದ ಹಿಂದೆ, ಮಂಚದ ಕೆಳಗೆ ಕದ್ದು ಮಾಡುತ್ತದೆ. ಭಯದಿಂದ ಗುರುತು ಇನ್ನೂ ಹೆಚ್ಚುತ್ತದೆ.

ಮನೆಯೊಳಗೆ ಬೆಳೆದ ಪುಟ್ಟ ನಾಯಿಯನ್ನು ಪೇಟೆಯಲ್ಲಿ ಬಿಟ್ಟರೆ ಬೀದಿನಾಯಿಗಳ ಬಾಯಿಗೆ, ಇಲ್ಲವೇ ಬಸ್ಸಿನ ಗಾಲಿಗೆ ಕೊಟ್ಟಂತೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು.

ಅಜ್ಜಿಗೆ ನಾವು ಇಷ್ಟನ್ನೂ ಹೇಳಿ, ಮಗನಲ್ಲಿ ಒಂದು ತಿಂಗಳ ಗಡುವು ಕೇಳಲು ಹೇಳಿದೆವು. ಬೆಳಗ್ಗಿನ ಸರದಿ ಅಜ್ಜಿಯದು, ಶಾಲೆ ಬಿಟ್ಟ ಮೇಲಿನದು ಮೊಮ್ಮಕ್ಕಳದು, ರಾತ್ರಿಯದು ಮಗನದೇ ಎಂದಾಯಿತು. ಮೂರು ವಾರದ ಬಳಿಕ ನಾವು ಅತ್ತ ಹೋದಾಗ ಚಾವಡಿಯ ಗೋಣಿಗಳು ಒಣಗಿದ್ದವು. ಬಾಗಿಲ ಪರದೆಯ ಮೇಲೆ ಆ ವಾರ ಎರಡು ಸಲ ಗುರುತು ಬಿದ್ದಿತ್ತಂತೆ. ಮೊದಲು ದಿನಕ್ಕೆ ನಾಲ್ಕೈದು ಸಲ ಬೀಳುತ್ತಿತ್ತು. ಸೂಟ್‌ಕೇಸ್ ಮಾತ್ರ ಈಗಲೂ ಕಪಾಟಿನ ಮೇಲೆಯೇ ಇದೆ. ಮಗ ಮರಳಿ ಹೊರಡುವ ಮೊದಲು ನಾಯಿಗೆ ಲಸಿಕೆ ಹಾಕಿಸಿ, ಪಂಚಾಯತಿನಲ್ಲಿ ಲೈಸೆನ್ಸ್ ಮಾಡಿಸಿದ್ದಾರೆ. ಬೀಜ ತೆಗೆಸುವ ದಿನವನ್ನೂ ವೈದ್ಯರಲ್ಲಿ ಗೊತ್ತುಮಾಡಿದ್ದಾರೆ.

ನಿಮ್ಮ ಮನೆಯಲ್ಲೂ ಇಂಥ ನಾಯಿ ಇದ್ದರೆ ಕೋಲನ್ನು ಮೂಲೆಗಿಟ್ಟು, ಇವತ್ತೇ ಬಕೆಟ್ಟು ಮತ್ತು ಹಗ್ಗದಿಂದ ಆರಂಭಿಸಿರಿ.